ಬೀಗಿತ್ತಿಯ ಬಿಸಿಲು ಟೋಪಿ

ಮಾರ್ಚ್ 3, ಸೋಮವಾರ

ಮಧ್ಯಾಹ್ನ ಮೊಮ್ಮಗಳು ಈ ನೋಟ್‌ಬುಕ್ಕನ್ನು ನನ್ನ ಮಡಿಲಿಗೆ ಹಾಕಿ, "ಅಜ್ಜಿ, ಹಡಗು ಹತ್ತೋವರೆಗೂ ಯಾರಿಗಾದ್ರೂ ಏನಾದ್ರೂ ಅನ್ಬೇಕು ಅನ್ನಿಸಿದ್ರೆ ಮೊದಲು ಇದರಲ್ಲಿ ಬರ್ದುಬಿಡು. ಆಮೇಲೆ ಬೇಕಾದ್ರೆ ಅನ್ನು" ಎಂದಳು.

"ಬರೆದ ಮೇಲೂ ಅನ್ನಬೇಕು ಅನ್ನಿಸಿದ್ರೆ?"

"ಇನ್ನೊಂದು ಸಲ ಬರಿ."

ಬುದ್ಧಿವಂತೆ. ನನ್ನ ಮೊಮ್ಮಗಳಲ್ಲವೇ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಅಕ್ಷರ ತಿದ್ದಿದ್ದು ನಮ್ಮ ಲಾಂಡ್ರಿ ಅಂಗಡಿಯ ಚೀಟಿಯ ಮೇಲೆ. ಅಂಗಿ ಎರಡು, ಪ್ಯಾಂಟು ಒಂದು, ಕಾಲರಿನಲ್ಲಿ ಕಲೆ ಇದೆ. ಆದ್ದರಿಂದ ಏನು ಬರೆಯಲು ಕೂತರೂ ಮೊದಲು ಕಲೆ ಎಲ್ಲಿದೆ ಎಂದೇ ಕಣ್ಣು ಹುಡುಕುತ್ತದೆ.

ಈ ಸಲದ ಕಲೆ ನನ್ನ ಬೀಗಿತ್ತಿ, ಅಂದರೆ ಸೊಸೆಯ ತಾಯಿ. ಮಗ ಸೊಸೆಗೆ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿದೆ. ಅಷ್ಟು ವರ್ಷವೂ ಇಬ್ಬರೂ ಕನ್ನಡಕದ ಅಂಗಡಿಯಲ್ಲಿ ಎದುರುಬದುರು ಕೂತು ಊರಿನವರ ಕಣ್ಣು ನೋಡಿದರೇ ಹೊರತು ಊರು ಬಿಟ್ಟು ಹೋಗಲಿಲ್ಲ. ಈಗ ಒಂದು ವಾರ ಅಂಗಡಿ ಮುಚ್ಚಿ ಹಡಗಿನಲ್ಲಿ ಸುತ್ತಾಟ. ಹೋಗಲಿ, ಸಂತೋಷ. ಆದರೆ ಜೊತೆಗೆ ತಾಯಂದಿರೂ ಬರಬೇಕಂತೆ. ಮೊಮ್ಮಗಳಿಗೆ ಪರೀಕ್ಷೆ, ಅವಳು ಗೆಳತಿಯ ಮನೆಯಲ್ಲಿ ಇರುತ್ತಾಳಂತೆ. ಒಂದು ಕೋಣೆಯಲ್ಲಿ ಅವರಿಬ್ಬರು, ಇನ್ನೊಂದರಲ್ಲಿ ನಾನು ಮತ್ತು ಬೀಗಿತ್ತಿ. ಬಾಗಿಲು ತೆಗೆದರೆ ಸಮುದ್ರ, ಮುಚ್ಚಿದರೆ ಅವಳು.

ಅವಳು ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ರೈಲು ಬಂತು, ಹೋಯಿತು ಎಂದು ಕೂಗುವ ಕೆಲಸದಲ್ಲಿದ್ದು ರಿಟೈರ್ ಆದವಳು. ಮದುವೆಯ ದಿನ ಊಟದ ಹೊತ್ತಿಗೆ ಯಾರದೋ ಮೈಕು ಕೈಗೆ ಸಿಕ್ಕಿತು. "ಗಂಡಿನ ಕಡೆಯವರು ದಯವಿಟ್ಟು ಗಮನಿಸಿ, ಎರಡನೇ ಪಂಕ್ತಿ ಸ್ವಲ್ಪ ತಡವಾಗಿ ಆರಂಭವಾಗಲಿದೆ" ಎಂದು ಹೇಳಿ ನಮ್ಮವರನ್ನೆಲ್ಲ ತಡವಾದ ರೈಲಿಗೆ ಕಾಯುವ ಗಿರಾಕಿಗಳ ಹಾಗೆ ಗೋಡೆಗೆ ನಿಲ್ಲಿಸಿದಳು. ಅಂದಿನಿಂದ ನನಗೆ ಅವಳು ಮೈಕಮ್ಮ. ಬಾಯಲ್ಲಿ ಬೀಗಿತ್ತಿಯವರೇ ಅನ್ನುತ್ತೇನೆ. ನಾಲಿಗೆಗೆ ಮರ್ಯಾದೆ ಇದೆ, ಮನಸ್ಸಿಗೆ ಏನು ಕಟ್ಟುಪಾಡು.

ಮಾರ್ಚ್ 6, ಗುರುವಾರ

ಹಡಗಿನವರು ಏನು ತರಬೇಕೆಂದು ಒಂದು ಹಾಳೆ ಕಳಿಸಿದ್ದಾರೆ. ಸೊಸೆ ಓದಿದಳು. ತೆಳ್ಳಗಿನ ಹತ್ತಿ ಬಟ್ಟೆ, ತುಂಬುತೋಳು, ಜಾರದ ಚಪ್ಪಲಿ, ಅಗಲ ಅಂಚಿನ ಟೋಪಿ, ಒಂದು ಸಂಜೆಯ ಊಟಕ್ಕೆ ಒಳ್ಳೆಯ ಉಡುಪು.

"ನಾನು ಸೀರೆನೇ ಉಡೋದು" ಎಂದೆ.

ಮೈಕಮ್ಮ ಟೀ ಲೋಟ ಕೆಳಗಿಟ್ಟು, "ಉಡಿ. ಸೆರಗಿಗೆ ಗಾಳಿ ತುಂಬಿದ್ರೆ ಹಡಗಿಗೆ ಡೀಸೆಲ್ ಉಳಿಯುತ್ತೆ" ಎಂದಳು.

ಮಗ ನಕ್ಕ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ಅವಳಿಗೇನು ಹೇಳುವುದು. ಈಗೀಗ ಹಣೆಯ ಒಂದು ಪಕ್ಕಕ್ಕೆ ಕೂದಲು ಕತ್ತರಿಸಿ ಇಳಿಬಿಟ್ಟುಕೊಂಡು ತಿರುಗುತ್ತಾಳೆ, ಹದಿನಾರರ ಹುಡುಗಿಯ ಹಾಗೆ. ಮಾತಿಗೊಮ್ಮೆ ಅದನ್ನು ನೇವರಿಸಿ ಸರಿಮಾಡುತ್ತಾಳೆ. ಇವತ್ತು ಸೊಸೆ "ಅಮ್ಮಾ, ಕಣ್ಣಿಗೆ ಬರ್ತಿದೆ ನೋಡು" ಎಂದು ಕೂದಲಿಗೆ ಕೈಹಾಕಲು ಹೋದರೆ ಗಬಕ್ಕನೆ ಹಿಂದೆ ಸರಿದಳು. ಬಿಂಕ. ವಯಸ್ಸಾದರೂ ಹೋಗದ ರೋಗ.

ಅವರೆಲ್ಲ ಹೋದ ಮೇಲೆ ಮೊಮ್ಮಗಳ ಪ್ಯಾಂಟೊಂದನ್ನು ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ಸುಮ್ಮನೆ. ಬಟ್ಟೆ ಹೇಗಿದೆ ಎಂದು ತಿಳಿಯಲು. ಮೇಲೆ ಉದ್ದನೆಯ ಅಂಗಿ ಹಾಕಿದೆ. ಮಂಚ ಹತ್ತಿ ಇಳಿದೆ. ಎರಡು ಕಾಲೂ ಬೇರೆಬೇರೆ ಕಡೆ ಹೋಗಬಲ್ಲವು ಎಂಬುದು ಇಷ್ಟು ವರ್ಷಕ್ಕೆ ಗೊತ್ತಾಯಿತು.

ಮಾರ್ಚ್ 9, ಭಾನುವಾರ

ಟೋಪಿ ಅಂಗಡಿಗೆ ಹೋಗಿದ್ದೆವು. ದಾರಿಯಲ್ಲಿ ಮಗ, "ಹುಷಾರು, ಅಂಗಡಿಯವನು ಟೋಪಿ ಹಾಕ್ತಾನೆ" ಎಂದ. ಯಾರೂ ನಗದಿದ್ದದ್ದಕ್ಕೆ ಮತ್ತೊಮ್ಮೆ ಹೇಳಿದ.

ಇಕ್ಕಟ್ಟಾದ ಅಂಗಡಿ. ನೆಲದಿಂದ ಚಾವಣಿಯವರೆಗೆ ಟೋಪಿ. ಅಂಗಡಿಯವನ ತಲೆಯಲ್ಲಿ ಒಂದು ಕೂದಲಿಲ್ಲ. ಬಿಸಿಲಿನ ಕಷ್ಟ ಬಲ್ಲವನು ಎಂದು ಧೈರ್ಯವಾಯಿತು.

ಮೈಕಮ್ಮ ಕನ್ನಡಿಯ ಮುಂದೆ ಒಂದೊಂದನ್ನೇ ಇಟ್ಟು, ಕತ್ತು ಅತ್ತ ಇತ್ತ ತಿರುಗಿಸುವ ಕಾರ್ಯಕ್ರಮ ಶುರುಮಾಡಿದಳು. ನಾನು ಅಂಗಡಿಯವನಿಗೆ ಮೂಲೆಯ ಸ್ಟ್ಯಾಂಡ್ ಫ್ಯಾನು ತೋರಿಸಿ, "ಇದನ್ನ ಇವರ ಕಡೆ ತಿರುಗಿಸಿ" ಎಂದೆ.

"ಸೆಖೆನಾ ಅಮ್ಮಾ?"

"ಸೆಖೆ ಅಲ್ಲ. ಇವರು ಹೋಗ್ತಿರೋದು ಸಮುದ್ರಕ್ಕೆ, ಫೋಟೋ ಸ್ಟುಡಿಯೋಗಲ್ಲ. ಜೋರಾಗಿ ಬಿಡಿ."

ಬಿಟ್ಟ. ಮೈಕಮ್ಮನ ತಲೆಯ ಮೇಲಿದ್ದ ನವಿಲು ಬಣ್ಣದ ಟೋಪಿ ಎದ್ದು ಹಾರಿ, ಬಾಗಿಲಲ್ಲಿ ಚೌಕಾಸಿ ಮಾಡುತ್ತಿದ್ದ ಯಾರೋ ಗೃಹಸ್ಥರ ತಲೆಯ ಮೇಲೆ ಸರಿಯಾಗಿ ಕೂತಿತು. ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಇವಳು ಮಾತ್ರ ಟೋಪಿ ಹೋದದ್ದನ್ನು ನೋಡದೆ ಎರಡೂ ಕೈಯಲ್ಲಿ ಹಣೆಯ ಕೂದಲನ್ನು ಒತ್ತಿ ಹಿಡಿದುಕೊಂಡು ನಿಂತಿದ್ದಳು.

"ಬೀಗಿತ್ತಿಯವರೇ, ಹಡಗಲ್ಲಿ ಯಾರೂ ಮುಖಕ್ಕೆ ಫ್ಯಾನು ಹಿಡ್ಕೊಂಡು ಓಡಾಡಲ್ಲ" ಎಂದಳು, ಫ್ಯಾನು ಆರಿದ ಮೇಲೆ.

"ಹಡಗೇ ಓಡಾಡುತ್ತಲ್ಲ" ಎಂದೆ.

ಆಮೇಲೆ ಇನ್ನೊಂದು ವಿಚಿತ್ರ. ಇಷ್ಟವಾದ ಟೋಪಿಯನ್ನೆಲ್ಲ ಬಾಗಿಲಿಗೆ ಒಯ್ದು, ಬಿಸಿಲಿಗೆ ಎತ್ತಿ ಹಿಡಿದು, ಒಳಗಿನಿಂದ ಇಣುಕಿ ನೋಡುವುದು. "ಇದರಲ್ಲಿ ಬೆಳಕು ತೂರತ್ತೆ" ಎಂದು ವಾಪಸು ಕೊಡುವುದು.

"ಟೋಪಿ ತಗೋತಿದ್ದೀರೋ, ನೀರಿನ ಕೊಡ ತಗೋತಿದ್ದೀರೋ?" ಎಂದು ಕೇಳಿದೆ. ಇನ್ನೊಂದನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು.

ಕೊನೆಗೆ ಕೆನೆ ಬಣ್ಣದ, ಒತ್ತಾಗಿ ಹೆಣೆದ, ಕಡುನೀಲಿ ಪಟ್ಟಿಯ ಒಂದನ್ನು ಆರಿಸಿದಳು. ಅಂಚು ಎಷ್ಟು ಅಗಲವೆಂದರೆ ಅಂಗಡಿಯಿಂದ ಹೊರಗೆ ಬರಲು ಓರೆಯಾಗಬೇಕಾಯಿತು. ನಾನು ಮಣ್ಣು ಬಣ್ಣದ ಬಟ್ಟೆ ಟೋಪಿ ತೆಗೆದುಕೊಂಡೆ. ಮಡಿಸಿದರೆ ಕೈಚೀಲದಲ್ಲಿ ಹಿಡಿಯುತ್ತದೆ, ಗಲ್ಲಕ್ಕೆ ಕಟ್ಟುವ ದಾರವಿದೆ.

"ನಿಮಗೆ ಒಪ್ಪುತ್ತೆ. ತೋಟಕ್ಕೆ ನೀರು ಬಿಡೋರ ಹಾಗಿದ್ದೀರಿ" ಎಂದಳು.

"ನಿಮ್ಮದೂ ಒಪ್ಪುತ್ತೆ. ಕೆಳಗೆ ನಾಲ್ಕು ಜನ ನಿಂತು ಟೀ ಕುಡೀಬಹುದು" ಎಂದೆ.

ಸಾಮಾನೆಲ್ಲ ನಮ್ಮ ಮನೆಯಲ್ಲೇ ಪ್ಯಾಕ್ ಆಗಲಿ ಎಂದು ಸೊಸೆ ತನ್ನಮ್ಮನ ಟೋಪಿಯನ್ನೂ ತಂದು ನನ್ನ ಮಂಚದ ಮೇಲೆ ಇಟ್ಟಿದ್ದಾಳೆ. ನನಗೆ ಮಲಗಲು ಅಂಚಿನಲ್ಲಿ ಒಂದಿಷ್ಟು ಜಾಗ ಉಳಿದಿದೆ.

ಮಾರ್ಚ್ 11, ಮಂಗಳವಾರ

ಹೊಸ ಬಟ್ಟೆಯನ್ನು ನೀರು ಕಾಣಿಸದೆ ಮೈಗೆ ಹಾಕಬಾರದು. ಯಾರು ಯಾರು ಮುಟ್ಟಿರುತ್ತಾರೋ, ಎಂಥ ಗಂಜಿ ಹಾಕಿರುತ್ತಾರೋ, ಬಣ್ಣ ನಿಲ್ಲುತ್ತದೋ ಬಿಡುತ್ತದೋ. ಮದುವೆಯಾಗಿ ಲಾಂಡ್ರಿಗೆ ಬಂದ ದಿನ ಅತ್ತೆ ಹೇಳಿಕೊಟ್ಟ ಮೊದಲ ಪಾಠ. ಅದಕ್ಕೇ ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಹಡಗಿಗೆಂದು ತಂದದ್ದನ್ನೆಲ್ಲ ಬಕೆಟ್ಟಿಗೆ ಹಾಕಿದೆ. ಬಿಳಿ ಬೇರೆ, ಬಣ್ಣದ್ದು ಬೇರೆ. ಎರಡು ಟೋಪಿಗೆ ಒಂದು ಬಕೆಟ್ಟು.

ಜಗತ್ತಿನಲ್ಲಿ ನಾನು ಒಗೆಯದ ಬಟ್ಟೆ ಇಲ್ಲ. ರೇಷ್ಮೆ, ಉಣ್ಣೆ, ವಕೀಲರ ಕೋಟು, ಬ್ಯಾಂಡಿನವರ ಟೋಪಿ, ಎಲ್ಲ ಆಗಿದೆ.

ಕಾಫಿ ಕುಡಿದು ಬಂದು ನೋಡಿದರೆ ಬಕೆಟ್ಟಿನಲ್ಲಿ ನನ್ನ ಟೋಪಿ ಇತ್ತು. ಅವಳದರ ಜಾಗದಲ್ಲಿ ನೆನೆದ ನ್ಯೂಸ್‌ಪೇಪರಿನಂಥ ಒಂದು ಮುದ್ದೆ, ನೀಲಿ ನೀರಿನಲ್ಲಿ.

ಹುಲ್ಲಿನದು ಅಂದುಕೊಂಡಿದ್ದೆ. ಕಾಗದವನ್ನು ಹುರಿ ಮಾಡಿ ಹೆಣೆದದ್ದಂತೆ. ಟೋಪಿಯೆಂದು ಕಾಗದ ಮಾರುವವನ ತಲೆಯಲ್ಲಿ ಕೂದಲು ಎಲ್ಲಿಂದ ನಿಲ್ಲಬೇಕು.

ಮಾರ್ಚ್ 12, ಬುಧವಾರ

ದೊಡ್ಡ ಪಾತ್ರೆ ಬೋರಲು ಹಾಕಿ ಅದರ ಮೇಲೆ ಮುದ್ದೆಯನ್ನು ಹರಡಿ ಒಣಗಿಸಿದೆ. ಗಂಜಿ ಹಚ್ಚಿದೆ. ಇಸ್ತ್ರಿಯನ್ನೂ ಮಾಡಿದೆ. ಈಗ ಅದು ಊಟದ ತಟ್ಟೆಯ ಹಾಗೆ ಸಪಾಟಾಗಿ, ಬಹಳ ಶುಭ್ರವಾಗಿ ಇದೆ. ಮೊಮ್ಮಗಳು ನೆಲದ ಮೇಲೆ ಕೂತು ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಅಷ್ಟು ಹೊತ್ತಿಗೆ ಮೈಕಮ್ಮ ಬಂದಳು. ನಾನು ಮುಚ್ಚಿಡುವವಳಲ್ಲ. ತಟ್ಟೆಯನ್ನು ಅವಳ ಮುಂದೆ ಇಟ್ಟು, "ಒಗೆದೆ. ಇದು ಒಗೆಯೋ ಜಾತಿಯದ್ದಲ್ಲ ಅಂತ ಒಗೆದ ಮೇಲೆ ಗೊತ್ತಾಯ್ತು" ಎಂದೆ. ಅವಳು ಬೈಯುತ್ತಾಳೆ ಎಂದು ತಿರುಗಿ ಅನ್ನಬೇಕಾದದ್ದನ್ನು ಹೊಂದಿಸಿ ಇಟ್ಟುಕೊಂಡಿದ್ದೆ. ಚೆನ್ನಾಗಿಯೇ ಹೊಂದಿಸಿದ್ದೆ.

ಅವಳು ಬೈಯಲಿಲ್ಲ. ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೂದಲು ಸರಿಮಾಡಿಕೊಂಡಳು. ಅರ್ಧ ಟೀ ಬಿಟ್ಟು ಎದ್ದು ಹೋದಳು.

ಇದೇನು ಮರ್ಯಾದೆ. ಜಗಳಕ್ಕೂ ಒಂದು ರೀತಿ ನೀತಿ ಇರುತ್ತದೆ.

ಮಾರ್ಚ್ 13, ಗುರುವಾರ

ಫೋನು ಬಂತು. ಮೈಕಮ್ಮನಿಗೆ ಮಂಡಿನೋವಂತೆ, ಹಡಗಿಗೆ ಬರುವುದಿಲ್ಲವಂತೆ. ಸೊಸೆ, "ಅಮ್ಮನ್ನ ನೋವಲ್ಲಿ ಬಿಟ್ಟು ನಾನು ಹೆಂಗೆ ಹೋಗ್ಲಿ? ಎಲ್ಲಾನೂ ಕ್ಯಾನ್ಸಲ್ ಮಾಡೋಣ" ಎಂದು ಮಗನಿಗೆ ಹೇಳಿದಳು. ಮಗ ಟಿವಿ ಕಡೆಗೆ ಮುಖ ಮಾಡಿ "ಹೂಂ" ಎಂದ. ಟಿವಿ ಹಾಕಿರಲಿಲ್ಲ.

ಅವಳು ಬಾರದಿದ್ದರೆ ಕೋಣೆ ನನಗೊಬ್ಬಳಿಗೇ ಎಂದು ಮೊದಲ ದಿನದಿಂದ ಕನಸು ಕಂಡಿದ್ದೆ. ಈಗ ಕೋಣೆಯೂ ಇಲ್ಲ, ಹಡಗೂ ಇಲ್ಲ.

ಊಟ ಸೇರಲಿಲ್ಲ. ಸೆಖೆ ಜಾಸ್ತಿ ಇರಬೇಕು.

ಮಾರ್ಚ್ 14, ಶುಕ್ರವಾರ

ಬಸ್ಸು ಹಿಡಿದು ಮೈಕಮ್ಮನ ಮನೆಗೆ ಹೋದೆ. ಒಬ್ಬಳೇ. ಮನೆಯಲ್ಲಿ ದರ್ಜಿ ಹತ್ತಿರ ಹೋಗುತ್ತೇನೆ ಎಂದು ಹೇಳಿದ್ದೆ.

ಮಹಡಿ ಮನೆ. ಮಂಡಿನೋವಿನವಳು ಸ್ಟೂಲಿನ ಮೇಲೆ ನಿಂತು ಪರದೆ ತೂಗುಹಾಕುತ್ತಿದ್ದಳು. ನನ್ನನ್ನು ನೋಡಿ ಇಳಿದಳು. ಇಳಿದ ಮೇಲೆ ನೆನಪಾಗಿ ಕುಂಟಿದಳು.

"ಯಾವ ಕಾಲು?" ಎಂದೆ.

ಸ್ವಲ್ಪ ಯೋಚಿಸಿ, "ಎರಡೂ" ಎಂದಳು.

"ಟೋಪಿ ಹಾಳು ಮಾಡಿದ್ದಕ್ಕೆ ನನ್ನ ಬೈಯಿರಿ. ಬೈದು ಮುಗಿಸಿ, ಕೇಳಿಸ್ಕೊಂಡು ಹೋಗೋಕೇ ಬಂದಿದ್ದೀನಿ. ಒಂದು ಟೋಪಿಗೋಸ್ಕರ ಮಕ್ಕಳ ಸಂತೋಷಕ್ಕೆ ಕಲ್ಲು ಹಾಕ್ತೀರಲ್ಲ, ಇಷ್ಟು ದೊಡ್ಡ ಮನುಷ್ಯರು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಕಿಟಕಿಯ ಪರದೆ ಎಳೆದು, ಹಣೆಯ ಕೂದಲನ್ನು ಮೇಲೆತ್ತಿದಳು.

ಕಣ್ಣಿನ ಪಕ್ಕದಿಂದ ಕಿವಿಯವರೆಗೆ ಹೊಲಿಗೆ ಹಾಕಿದ ಗುರುತು. ಇನ್ನೂ ಕೆಂಪಾಗಿದೆ. ನಮ್ಮ ಅಂಗಡಿಯಲ್ಲಿ ಹರಿದ ಅಂಗಿಗೆ ರಫು ಮಾಡಿದ ಹಾಗೆ.

"ವಾಸಿಯಾಗದ ಹುಣ್ಣಿತ್ತು. ತೆಗೆದ್ರು. ಕೆಟ್ಟ ಗಡ್ಡೆ ಅಂತೆ. ಪೂರ್ತಿ ತೆಗೆದಾಗಿದೆ, ಹೆದರಬೇಡಿ ಅಂದಿದ್ದಾರೆ. ಬಿಸಿಲು ಮಾತ್ರ ಬೀಳಬಾರದು. ಒಳ್ಳೆ ಟೋಪಿ ಇದ್ರೆ, ನೆರಳಲ್ಲಿ ಇದ್ರೆ ಹಡಗಿಗೂ ಹೋಗಬಹುದು ಅಂದ್ರು ಡಾಕ್ಟರು. ಅಂಥದು ಒಂದು ಸಿಕ್ಕಿತ್ತು."

"ಆಸ್ಪತ್ರೆಗೆ ಜೊತೆ ಯಾರು ಬಂದಿದ್ರು?"

"ಆಟೋದವನು."

"ಮಗಳಿಗೆ?"

"ಹೇಳಿಲ್ಲ. ಹೇಳಿದ್ರೆ ಹಡಗು ಬೇಡ ಅಂತಾಳೆ. ಅಂಗಡಿ ಬಿಟ್ಟು ಅವರಿಬ್ಬರು ಎಲ್ಲಿಗೆ ಹೋಗಿದ್ದಾರೆ ಹೇಳಿ. ವಾಪಸು ಬಂದ ಮೇಲೆ ಹೇಳೋಣ ಅಂತಿದ್ದೆ."

"ಮಂಡಿನೋವು ಅಂದ್ರೂ ಬೇಡ ಅಂತಿದ್ದಾಳೆ."

"ಅದೊಂದು ತಪ್ಪು ಲೆಕ್ಕ ಆಯ್ತು."

ಟೀ ಕುಡಿದೆ. ಇನ್ನೊಂದು ಲೋಟ ಕುಡಿದೆ. ಅವಳ ಮನೆಯ ಟೀ ಚೆನ್ನಾಗಿರುವುದಿಲ್ಲ, ಸಕ್ಕರೆ ಮುಂದು.

ಏಳುವಾಗ ಹೇಳಿದೆ, "ಮಂಡಿನೋವು ಸೋಮವಾರದ ಒಳಗೆ ವಾಸಿ ಮಾಡ್ಕೊಳ್ಳಿ. ಟೋಪಿ ಹುಡುಕೋಕೆ ಹೋಗಬೇಕು."

"ನೀವು ಯಾರಿಗೂ ಹೇಳಬಾರದು."

"ನಾನೇಕೆ ಹೇಳಲಿ?"

"ನಿಮ್ಮ ಬಾಯಲ್ಲಿ ಎಳ್ಳು ಕಾಳೂ ನೆನೆಯಲ್ಲ ಅಂತ ನಿಮ್ಮ ಮಗನೇ ಹೇಳ್ತಾನೆ."

ಬರಲಿ ಅವನು ಸಂಜೆ.

ಮಾರ್ಚ್ 15, ಶನಿವಾರ

ಸೊಸೆ ಮೂರು ಸಲ ಕೇಳಿದಳು, "ಅಮ್ಮಂಗೆ ನಿಜವಾಗ್ಲೂ ಮಂಡಿನೋವೇನಾ ಅತ್ತೆ? ನಿಮಗೇನಾದ್ರೂ ಗೊತ್ತಾ?"

ಬಾಯಿಗೆ ಗುಂಡುಪಿನ್ನು ಕಚ್ಚಿಕೊಂಡು ಸೀರೆಯ ಫಾಲ್ ಹೊಲಿಯುತ್ತಾ ಕೂತೆ. ಪಿನ್ನು ಇರುವಾಗ ಮಾತಾಡಬಾರದು ಎಂದು ಎಲ್ಲರಿಗೂ ಗೊತ್ತು. ಇಡೀ ದಿನ ಹೊಲಿದೆ. ಸೀರೆಗಳು ಮುಗಿದವು. ದಿಂಬಿನ ಚೀಲವನ್ನೂ ಹೊಲಿದೆ.

ಮಾರ್ಚ್ 17, ಸೋಮವಾರ

ಮಂಡಿ ವಾಸಿಯಾಯಿತಂತೆ. ಸೊಸೆಯ ಮುಖ ಅರಳಿತು. ಮಗ ಇವತ್ತು ಟಿವಿ ಹಾಕಿಕೊಂಡು ನೋಡಿದ.

ನಾವಿಬ್ಬರೇ ಪೇಟೆಗೆ ಹೋದೆವು. ಮೊದಲ ಅಂಗಡಿಯವನ ಹತ್ತಿರ ಇದ್ದದ್ದೆಲ್ಲ ಕಾಗದವೇ. ನಾನು ಎರಡು ಮಾತು ಅಂದೆ, ಅವಳು ನಾಲ್ಕು ಮಾತು ಅಂದಳು. ಅವಳ ಗಂಟಲಿಗೆ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಒಳ್ಳೆಯ ಗಂಟಲು, ಸುಳ್ಳು ಹೇಳಬಾರದು.

ಎರಡನೇ ಅಂಗಡಿಯಲ್ಲಿ ಬೆಳಕು ತೂರದ ಟೋಪಿ ಇತ್ತು, ಆದರೆ ಕೊಡೆಯ ಹಾಗೆ ಸೆಟೆದು ನಿಲ್ಲುತ್ತಿತ್ತು. ಫ್ಯಾನು ಬಿಡಿಸಿದರೆ ಹಾರಿತು. ಮೂರನೆಯದರಲ್ಲಿ ಕ್ರಿಕೆಟ್ ಆಡುವವರದ್ದು. ಕಿವಿ ಹೊರಗೆ ಉಳಿಯುತ್ತದೆ. ಇನ್ನೊಂದರಲ್ಲಿ ಹಿಂದೆ ಕತ್ತಿಗೂ ಬಟ್ಟೆ ಇಳಿಬಿದ್ದದ್ದು. ನಾನು ಇದೇ ಸರಿ ಎಂದೆ.

ಅವಳು ಕನ್ನಡಿಯಲ್ಲಿ ನೋಡಿಕೊಂಡು, "ಜೇನು ಕೀಳೋಕೆ ಹೊರಟ ಹಾಗಿದೆ" ಎಂದಳು.

"ಬಿಸಿಲು ಬೀಳಲ್ಲ ತಾನೇ?"

"ಬಿಸಿಲೂ ಬೀಳಲ್ಲ, ಯಾರ ಕಣ್ಣೂ ಬೀಳಲ್ಲ. ಬೀಗಿತ್ತಿ, ಮುಖದಲ್ಲಿ ಒಂದು ಕಡೆ ಹೋಗಿದೆ ಅಂತ ಉಳಿದದ್ದನ್ನೂ ಬಿಟ್ಟುಕೊಡೋಕಾಗುತ್ತಾ? ಸ್ಟೇಷನ್ನಲ್ಲಿ ನನ್ನ ಯಾರೂ ನೋಡ್ತಿರಲಿಲ್ಲ, ಬರೀ ಕೇಳೋರು. ಆದ್ರೂ ನಾನು ದಿನಾ ನೀಟಾಗಿ ಉಟ್ಟುಕೊಂಡು ಹೋಗ್ತಿದ್ದೆ."

ಇನ್ನೊಂದು ದಿನವಾಗಿದ್ದರೆ ಬಿಂಕ ಎಂದು ಬರೆಯುತ್ತಿದ್ದೆ. ಬಿಸಿಲಲ್ಲಿ ತಿರುಗಿ ಸುಸ್ತಾಗಿತ್ತು, ಬಿಟ್ಟೆ.

ಕೊನೆಗೆ ಹಡಗುಕಟ್ಟೆಯಲ್ಲಿ ಕೆಲಸ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಸಿಕ್ಕಿತು. ದಪ್ಪ ಕ್ಯಾನ್ವಾಸು, ಅಗಲ ಅಂಚು, ಗಲ್ಲಕ್ಕೆ ಪಟ್ಟಿ. ಬಣ್ಣ ಮಾತ್ರ ಬೂದಿಯಲ್ಲಿ ಹೊರಳಾಡಿದ ಕತ್ತೆಯದು. ಫ್ಯಾನಿಗೆ ಅಲ್ಲಾಡಲಿಲ್ಲ. ಅಂಗಡಿಯವನನ್ನು ಕೇಳಿ ಒಂದು ಬಕೆಟ್ ನೀರು ತರಿಸಿ, ಮುಳುಗಿಸಿ, ಹಿಂಡಿ ನೋಡಿದೆವು. ಬಣ್ಣವೂ ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು ಎಂದಳು.

ಒದ್ದೆ ಟೋಪಿ ಕೊಂಡ ಗಿರಾಕಿಗಳು ಇವರೇ ಮೊದಲು ಎಂಬಂತೆ ಅವನು ನೋಡುತ್ತಿದ್ದ.

ಮಾರ್ಚ್ 19, ಬುಧವಾರ

ಕತ್ತೆಗೆ ಸಿಂಗಾರ ನಡೆಯುತ್ತಿದೆ. ಮನೆಯಲ್ಲಿ ಉಳಿದವರಿಗೆ 'ಅವಳ ಟೋಪಿ ನೀರುಪಾಲು ಮಾಡಿದ್ದಕ್ಕೆ ದಂಡ' ಎಂದು ಹೇಳಿದ್ದೇನೆ. ನಂಬಿದ್ದಾರೆ.

ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ ಅಂಚಿನ ಒಳಗೆ ಹೊಲಿದೆ. ಮೇಲಕ್ಕೆ ಅವಳ ಹಳೆಯ ರೇಷ್ಮೆ ಸೀರೆಯ ದಾಳಿಂಬೆ ಬಣ್ಣದ ಅಂಚು. ಎಲ್ಲಿ ಗಂಟು ಬರಬೇಕು, ಎಷ್ಟು ಇಳಿಬೀಳಬೇಕು, ಎಲ್ಲ ಅವಳ ಹುಕುಂ.

"ಗಂಟು ಎಡಗಡೆಗೆ ಬರಲಿ."

"ಮೊದಲೇ ಹೇಳೋಕೆ ಏನಾಗಿತ್ತು? ಮೂರು ಸಲ ಬಿಚ್ಚಿದ್ದೀನಿ."

"ನೀನು ಕೇಳಿದ್ಯಾ?"

"ನೀನು ಹೇಳದೆ ಇರೋ ವಿಷಯ ಒಂದಾದ್ರೂ ಇದ್ರೆ ತಾನೇ ಕೇಳೋದು."

ಮೊಮ್ಮಗಳು ಪುಸ್ತಕದಿಂದ ತಲೆಯೆತ್ತಿ ನಮ್ಮಿಬ್ಬರನ್ನು ನೋಡಿದಳು. ಪರೀಕ್ಷೆ ಹತ್ತಿರ ಬಂದಿದೆ ಹುಡುಗಿಗೆ, ಓದಿಗಿಂತ ಬೇರೆಯವರ ಮಾತೇ ರುಚಿ.

ಮುಗಿದ ಮೇಲೆ ಇಟ್ಟು ನೋಡಿದಳು. ಗಂಟು ಸರಿಯಾಗಿ ಆ ಗುರುತಿನ ಮೇಲೆ ಕೂರುತ್ತದೆ. ಚೆನ್ನಾಗಿ ಕಂಡಳು. ಹೇಳಲಿಲ್ಲ. ಹೇಳಿದರೆ ಗಂಟು ಬಲಗಡೆಗೂ ಒಂದು ಬೇಕು ಅನ್ನುತ್ತಾಳೆ.

ಅವಳೂ ನನಗೆ ಒಂದು ತಂದಿದ್ದಳು. ತೆಳು ಹತ್ತಿಯ ಪ್ಯಾಂಟು, ಮೇಲೆ ಮೊಣಕಾಲು ದಾಟುವ ಉದ್ದ ಅಂಗಿ, ಎಲೆಹಸಿರು. "ಹಾಕಿದ್ರೆ ಹಾಕು, ಇಲ್ಲದಿದ್ರೆ ನೆಲ ಒರೆಸು" ಎಂದಳು. ಒಳಗೆ ಹೋಗಿ ಹಾಕಿಕೊಂಡು ಬಂದೆ. ಮಗ ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದಳು. ಒಳ್ಳೆಯ ಹುಡುಗಿ.

ಮಾರ್ಚ್ 23, ಭಾನುವಾರ

ಹಡಗು ಹತ್ತಿದ್ದಾಯಿತು. ಹಡಗಲ್ಲ, ಬೀದಿ. ಬೀದಿಯ ಮೇಲೆ ಬೀದಿ.

ಕೋಣೆ ಚಿಕ್ಕದು. ಎರಡು ಮಂಚದ ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಕಿಟಕಿ ಪಕ್ಕದ ಮಂಚ ನನಗೆ ಬೇಕೆಂದು ಮೊದಲಿನಿಂದ ಗಟ್ಟಿಮಾಡಿಕೊಂಡಿದ್ದೆ. ಕಿಟಕಿಯಲ್ಲಿ ಬೆಳಗಿನ ಬಿಸಿಲು ಮುಖಕ್ಕೇ ಬೀಳುತ್ತದೆ. ಆದ್ದರಿಂದ ನಾನೇ ತೆಗೆದುಕೊಂಡೆ.

ಮೇಲೆ ಹೋದಾಗ ಗಾಳಿಗೆ ಯಾರು ಯಾರದೋ ಟೋಪಿಗಳು ಸಮುದ್ರಕ್ಕೆ ಹೋದವು. ನಮ್ಮವು ಹೋಗಲಿಲ್ಲ. ಒಬ್ಬಾಕೆ ಬಂದು ಅವಳನ್ನು, "ನಿಮ್ಮ ಟೋಪಿ ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು.

"ಹೇಳಿ ಮಾಡಿಸಿದ್ದು" ಎಂದಳು ಇವಳು, ಕತ್ತು ಒಂದಿಷ್ಟು ತಿರುಗಿಸಿ. "ನಮ್ಮ ಡಿಸೈನರು ತುಂಬಾ ಬಾಯಿ ಬಡುಕಿ."

ಮಾರ್ಚ್ 25, ಮಂಗಳವಾರ

ಮಗಳಿಗೆ ಹೇಳಿಬಿಟ್ಟಳು. ಸಂಜೆ ಒಳ್ಳೆಯ ಬಟ್ಟೆ ತೊಟ್ಟು ಊಟಕ್ಕೆ ಹೊರಟಿದ್ದೆವು. ಸೊಸೆ ತಾನೇ ತಾಯಿಯ ತಲೆ ಬಾಚುತ್ತೇನೆ ಎಂದು ಬಂದಳು. ಇವಳು ಒಂದು ಕ್ಷಣ ನನ್ನ ಮುಖ ನೋಡಿದಳು. ನಾನು ಬಾಚಣಿಗೆಯನ್ನು ಸೊಸೆಯ ಕೈಗೆ ಕೊಟ್ಟೆ. ಪಿನ್ನು ಕಚ್ಚಿಕೊಂಡು ಎಷ್ಟು ದಿನ ಇರಲಾದೀತು.

ಸೊಸೆ ಅತ್ತಳು. ಆಟೋದಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋದದ್ದಕ್ಕೆ ತಾಯಿಯನ್ನು ಬೈದಳು. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ನಿಮಗೆ ಗೊತ್ತಿತ್ತು" ಎಂದಳು. ಜನ್ಮದಲ್ಲಿ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದಕ್ಕೂ ಬೈಗುಳ ತಿಂದೆ.

"ಊರಿಗೆ ಹೋದ ಮೇಲೆ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗೋದು" ಎಂದಳು ಸೊಸೆ.

"ಅಂಗಡಿ ಬಿಟ್ಟು ಬರಬೇಡ. ನಿಮ್ಮ ಅತ್ತೆ ಬರ್ತಾಳೆ" ಎಂದಳು ಇವಳು. ನನ್ನನ್ನು ಒಂದು ಮಾತು ಕೇಳಬೇಕಲ್ಲವೇ. ಆಸ್ಪತ್ರೆಯ ಹತ್ತಿರ ಬಸ್ಸು ನಿಲ್ಲುತ್ತದೋ ಇಲ್ಲವೋ ವಿಚಾರಿಸಬೇಕು.

ಊಟಕ್ಕೆ ತಡವಾಯಿತು. ಕಣ್ಣು ಊದಿಸಿಕೊಂಡೇ ಹೋದೆವು. ಮಗ ಸೊಸೆಯ ಕೈ ಹಿಡಿದುಕೊಂಡಿದ್ದ. ನಾನು ಬೇರೆ ಕಡೆ ನೋಡಿದೆ.

ಮಾರ್ಚ್ 26, ಬುಧವಾರ

ಮೇಲ್ಗಡೆ ಒರಗು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೆನ್ನೆ ಅತ್ತು, ಮಾತಾಡಿ, ಸರಿಯಾಗಿ ನಿದ್ದೆಯಿಲ್ಲ. ಇವಳು ಪಕ್ಕದ ಕುರ್ಚಿಯಲ್ಲಿ ಮಲಗಿಬಿಟ್ಟಿದ್ದಾಳೆ. ಒರಗಿದರೆ ಅಂಚು ಕುರ್ಚಿಗೆ ತಾಗಿ ಟೋಪಿ ಮೂಗಿನ ಮೇಲೆ ಬರುತ್ತದೆ ಎಂದು ತೆಗೆದು ಹೊಟ್ಟೆಯ ಮೇಲೆ ಇಟ್ಟು, ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಿದ್ದಾಳೆ. ಬಿಡಿಸಲು ಹೋದರೆ ಎಚ್ಚರವಾಗುತ್ತದೆ. ಕೂತಾಗ ನೆರಳಿತ್ತು, ಅದಕ್ಕೇ ಸುಮ್ಮನಿದ್ದೆ.

ನೆಲದ ಮೇಲೆ ನೆರಳು ಸರಿಯಲು ಹೊತ್ತು ಹಿಡಿಯುತ್ತದೆ, ಸುಧಾರಿಸಿಕೊಂಡು ಏಳಬಹುದು. ಇಲ್ಲಿ ಹಾಗಲ್ಲ. ಹಡಗು ತಿರುಗಿತು, ನೆರಳೆಲ್ಲ ಒಟ್ಟಿಗೇ ಎದ್ದು ಆ ಕಡೆಗೆ ಹೋಯಿತು. ಬಿಸಿಲು ಬಂದು ಸರಿಯಾಗಿ ಅವಳ ಕಣ್ಣಿನ ಪಕ್ಕದಲ್ಲಿ ಕೂತಿತು.

ನನ್ನ ಟೋಪಿ ತೆಗೆದು ಎಡಗೈಯಲ್ಲಿ ಅವಳ ಮುಖಕ್ಕೆ ಅಡ್ಡ ಹಿಡಿದಿದ್ದೇನೆ. ಅಕ್ಷರ ಸೊಟ್ಟಗೆ ಬರುತ್ತಿರುವುದು ಅದಕ್ಕೆ. ನನ್ನ ನೆತ್ತಿ ಕಾದ ಇಸ್ತ್ರಿಯ ಹಾಗಾಗಿದೆ.

ಸೊಸೆ ಈ ಕಡೆ ಬಂದಳು. ನನ್ನನ್ನೂ ಟೋಪಿಯನ್ನೂ ನೋಡಿ, "ಎಬ್ಬಿಸಿಬಿಡಿ ಅತ್ತೆ, ಒಳಗೆ ಮಲಗ್ಲಿ" ಎಂದಳು.

"ಬೇಡ. ಎದ್ದರೆ ಮಾತಾಡ್ತಾಳೆ" ಎಂದೆ.

ಅವಳು ನಗುತ್ತಾ ಕೊಡೆ ತರುತ್ತೇನೆಂದು ಹೋಗಿದ್ದಾಳೆ. ಈ ಬೀದಿಗಳಲ್ಲಿ ದಾರಿ ತಪ್ಪದೆ ಯಾವಾಗ ಬರುತ್ತಾಳೋ.

ಎಡಗೈ ಸೋತಿತು. ಟೋಪಿಯನ್ನು ಬಲಗೈಗೆ ತೆಗೆದುಕೊಳ್ಳಬೇಕು.